ಮಾರ್ಕೋನಹಳ್ಳಿಯ ಕೋಡಿಯೂ ಹಂಗಾಮಿನ ಜೀವನವೂ

೧

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿಯ ಸೀಮೆಯಲ್ಲಿ ಕಡಬದ ದೊಡ್ಡ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕನ್ನು ಹಾದು, ಮದ್ದೂರು ಮಳವಳ್ಳಿಗಳ ಕಡೆಗೆ ಇಳಿದು, ಕೊನೆಗೆ ಕಾವೇರಿಯನ್ನು ಸೇರುತ್ತದೆ. ಈ ನದಿಯು ದೊಡ್ಡದೆನ್ನುವಂತಿಲ್ಲ. ಮಳೆ ಬಂದರೆ ಹೊಳೆ, ಮಳೆ ಹೋದರೆ ಮರಳು. ಇಂತಹ ನದಿಗೆ ಅಡ್ಡಲಾಗಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯ ಕಾಲದಲ್ಲಿ ಒಂದು ಜಲಾಶಯವನ್ನು ಕಟ್ಟಿಸಲಾಯಿತು. ನಡುವೆ ೧೩೯ ಮೀಟರು ಉದ್ದದ ಕಲ್ಲಿನ ಕಟ್ಟಡ. ಅದರ ಎರಡು ಮಗ್ಗುಲಿಗೂ ಚಾಚಿಕೊಂಡು ೧,೪೭೦ ಮೀಟರುಗಳವರೆಗೆ ಹೋಗುವ ಮಣ್ಣಿನ ಏರಿ. ಸುಮಾರು ೨,೪೦೦ ದಶಲಕ್ಷ ಘನ ಅಡಿ ನೀರಿಗೆ ಅವಕಾಶ. ಅದರ ಕೆಳಗೆ ಸುಮಾರು ೧೫,೦೦೦ ಎಕರೆ ಭೂಮಿಗೆ ನೀರಾವರಿ. ಇಷ್ಟು ಈ ಕೆಲಸದ ಹೊರಗಿನ ಲೆಕ್ಕ.

ಆದರೆ ಮಾರ್ಕೋನಹಳ್ಳಿಗೆ ಹೆಸರು ಬಂದದ್ದು ಅದರ ವಿಸ್ತಾರದಿಂದಲ್ಲ, ಅದರ ಸೈಫನ್ನುಗಳಿಂದ. ಸಾಮಾನ್ಯವಾದ ಅಣೆಕಟ್ಟಿನಲ್ಲಿ ಹೆಚ್ಚಾದ ನೀರನ್ನು ಹೊರಕ್ಕೆ ಬಿಡಲು ಬಾಗಿಲುಗಳಿರುತ್ತವೆ. ಬಾಗಿಲುಗಳನ್ನು ಎತ್ತಲು ಜನರಿರುತ್ತಾರೆ. ಜನರಿಗೆ ಅಪ್ಪಣೆ ಕೊಡಲು ಅಧಿಕಾರಿಗಳಿರುತ್ತಾರೆ. ಇಲ್ಲಿ ಹಾಗಿಲ್ಲ. ನೀರು ತನ್ನ ತುಂಬು ಮಟ್ಟವನ್ನು ಮೀರಿದೊಡನೆ ಸೈಫನ್ನಿನ ಗುಮ್ಮಟದೊಳಗೆ ಸುಳಿಯಾಗಿ ಇಳಿಯುತ್ತ, ಒಳಗಿನ ಗಾಳಿಯನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಗಾಳಿಯು ಬರಿದಾದಂತೆಲ್ಲ ನೀರಿನ ಸೆಳೆತ ಹೆಚ್ಚಿ, ಕೆಲವೇ ನಿಮಿಷಗಳಲ್ಲಿ ಕೊಳವೆಯು ತುಂಬಿ ಭೋರ್ಗರೆದು ಹರಿಯತೊಡಗುತ್ತದೆ. ಮಟ್ಟವು ಇಳಿದು ಗಾಳಿಯು ಒಳಹೊಕ್ಕರೆ ಹರಿವು ತಾನಾಗಿಯೇ ನಿಲ್ಲುತ್ತದೆ. ಮೈಸೂರಿನ ಇಂಜಿನಿಯರಾಗಿದ್ದ ಗಣೇಶ ಅಯ್ಯರ್ ಅವರ ಹೆಸರಿನೊಡನೆ ಈ ಸುರುಳಿ ಸೈಫನ್ನಿನ ಹೆಸರು ಸೇರಿಕೊಂಡಿದೆ. ಶರಾವತಿಯ ಮೇಲಿನ ಹಿರೇಭಾಸ್ಕರ ಅಣೆಕಟ್ಟಿನಲ್ಲಿಯೂ ಈ ಬಗೆಯ ಸೈಫನ್ನುಗಳನ್ನು ಇಟ್ಟಿದ್ದರು.

ಯಾರ ಅಪ್ಪಣೆಯನ್ನೂ ಕಾಯದೆ ನೀರು ತಾನಾಗಿ ಹೊರಟು ತಾನಾಗಿ ನಿಲ್ಲುವ ಈ ನೋಟವನ್ನು ಕಾಣಲು ಜನರು ಬರುತ್ತಾರೆ. ಬಂದವರಿಗೆ ಹಸಿವೆ ಬಾಯಾರಿಕೆಗಳುಂಟು. ಆದಕಾರಣ ಅವರ ಹಿಂದೆಯೇ ಮಾರುವವರು, ಅಡುಗೆಯವರು, ಗಾಡಿ ಹೊಡೆಯುವವರು ಬರುತ್ತಾರೆ. ನೀರು ನಿಂತರೆ ನೋಡುವವರು ನಿಲ್ಲುತ್ತಾರೆ. ನೋಡುವವರು ನಿಂತರೆ ಮಾರುವವರ ಒಲೆ ಆರುತ್ತದೆ. ಹೀಗೆ ತಾನಾಗಿ ಹುಟ್ಟಿ ತಾನಾಗಿ ಅಡಗುವ ದುಡಿಮೆಯಲ್ಲಿ ದುಡಿಮೆಗಾರನಿಗೆ ಭದ್ರತೆಯು ಎಲ್ಲಿಂದ ಬಂದೀತು? ಈ ಪ್ರಶ್ನೆಯು ಇಂದಿನದು. ಆದರೆ ಅದಕ್ಕೆ ಉತ್ತರವನ್ನು ಹುಡುಕಬೇಕಾದರೆ ಈ ಸೀಮೆಯ ಹಿಂದಿನ ಹಂಗಾಮುಗಳ ಚರಿತ್ರೆಯನ್ನು ಅವಲೋಕಿಸುವುದು ಅವಶ್ಯ.

೨

ಹಂಗಾಮಿನ ದುಡಿಮೆಯು ತುಮಕೂರಿನ ಬಯಲುಸೀಮೆಗೆ ಹೊಸದಲ್ಲ. ಇಲ್ಲಿಯ ವರ್ಷವೇ ಎರಡು ಭಾಗವಾಗಿ ಒಡೆದುಕೊಂಡಿದೆ. ಮುಂಗಾರಿನ ಉಳುಮೆಯಿಂದ ರಾಗಿಯ ಕೊಯ್ಲು ಮುಗಿದು ಕಣದ ಕೆಲಸ ತೀರುವವರೆಗೆ ಒಕ್ಕಲಿಗನಿಗೂ ಕೂಲಿಯವನಿಗೂ ಬಿಡುವಿಲ್ಲ. ಸುಗ್ಗಿ ಕಳೆದ ಮೇಲೆ ಮುಂದಿನ ಮಳೆ ಬರುವವರೆಗೆ ಖುಷ್ಕಿ ಹೊಲದಲ್ಲಿ ಕೆಲಸವಿಲ್ಲ. ಈ ಬಿಡುವಿನ ತಿಂಗಳುಗಳಲ್ಲಿ ಬದುಕುವ ಬಗೆಯನ್ನು ಹಿಂದಿನವರು ಮೂರು ವಿಧವಾಗಿ ಕಂಡುಕೊಂಡಿದ್ದರು.

ಮೊದಲನೆಯದು ಆಯದ ಪದ್ಧತಿ. ಹಳ್ಳಿಯ ಹನ್ನೆರಡು ಮಂದಿ ಆಯಗಾರರಲ್ಲಿ ನೀರಗಂಟಿಯು ಒಬ್ಬ. ಕೆರೆಯ ತೂಬನ್ನು ತೆರೆದು ಮುಚ್ಚಿ, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸಿ, ಏರಿಯ ಮೇಲೆ ಕಣ್ಣಿಟ್ಟಿರುವುದು ಅವನ ಕೆಲಸ. ಮಳೆ ಬರುವ ತಿಂಗಳುಗಳಲ್ಲಿ ಅವನಿಗೆ ಹಗಲಿರುಳು ಎಚ್ಚರ. ಕೆರೆ ಬತ್ತಿದ ತಿಂಗಳುಗಳಲ್ಲಿ ಹೆಚ್ಚಿನ ಕೆಲಸವಿಲ್ಲ. ಆದರೂ ಅವನ ಆಯವು ಕೆಲಸದ ದಿನಗಳನ್ನು ಎಣಿಸಿ ಕೊಡುವಂತಹದಾಗಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಅವನು ತೆಗೆದುಕೊಳ್ಳುವ ಧಾನ್ಯವು ಇಡೀ ವರ್ಷದ ಹೊಣೆಗಾಗಿ ಸಲ್ಲುವ ಪಾಲು. ಕೆಲಸವು ಹಂಗಾಮಿನದಾದರೂ ಹಕ್ಕು ವರ್ಷದ್ದಾಗಿತ್ತು ಎಂಬುದನ್ನು ವಾಚಕರು ಗಮನಿಸಬೇಕು.

ಈ ಪದ್ಧತಿಯನ್ನು ಬರಿದೆ ಹೊಗಳುವುದು ನ್ಯಾಯವಲ್ಲ. ಆಯದ ಹಕ್ಕು ಹುಟ್ಟಿನಿಂದ ಬರುತ್ತಿತ್ತು; ಹುಟ್ಟಿನಿಂದಲೇ ಅದು ಕಾಲಿಗೆ ಕಟ್ಟಿದ ಹಗ್ಗವೂ ಆಗುತ್ತಿತ್ತು. ತೋಟಿ ತಳವಾರರ ಬಾಳಿನಲ್ಲಿ ಊರಿನ ಆಶ್ರಯಕ್ಕಿಂತ ಊರಿನ ಅವಮಾನವೇ ಹೆಚ್ಚಾಗಿತ್ತು. ಸಾಲಕ್ಕೆ ಸಿಕ್ಕಿ ಜೀತಕ್ಕೆ ನಿಂತವನಿಗೆ ವರ್ಷಪೂರ್ತಿ ಅಂಬಲಿ ದೊರೆಯುತ್ತಿತ್ತು. ಆದರೆ ವರ್ಷದ ಒಂದು ದಿನವೂ ಅವನದಾಗಿರಲಿಲ್ಲ. ೧೯೬೧ರ ಗ್ರಾಮಾಧಿಕಾರ ರದ್ದತಿ ಶಾಸನವು ಹಳೆಯ ಹಕ್ಕುದಾರಿಕೆಯನ್ನು ಕೊನೆಗಾಣಿಸಿತು. ೧೯೭೬ರ ಶಾಸನವು ಜೀತವನ್ನು ನಿಷೇಧಿಸಿತು. ಎರಡೂ ಆಗಲೇಬೇಕಾಗಿದ್ದವು. ಆದರೆ ಬಂಧನದೊಡನೆ ಹೋದ ವರ್ಷದ ಪಾಲಿಗೆ ಪ್ರತಿಯಾಗಿ ಸ್ವತಂತ್ರನಾದ ಕೂಲಿಯವನಿಗೆ ಬೇರೊಂದು ಆಸರೆಯು ಕೂಡಲೆ ಏರ್ಪಡಲಿಲ್ಲ.

ಎರಡನೆಯ ಬಗೆ ಘಟ್ಟಕ್ಕೆ ಹೋಗುವುದು. ಬಯಲುಸೀಮೆಯ ಕೊಯ್ಲು ಮುಗಿಯುವ ಹೊತ್ತಿಗೆ ಮಲೆನಾಡಿನ ಕಾಫಿಯ ತೋಟಗಳಲ್ಲಿ ಹಣ್ಣು ಬಿಡಿಸುವ ಕೆಲಸ ಮೊದಲಾಗುತ್ತದೆ. ಮೇಸ್ತ್ರಿಯು ಊರಿಗೆ ಬಂದು ಮುಂಗಡ ಕೊಟ್ಟು ಜನರನ್ನು ಕರೆದೊಯ್ಯುವುದು, ಮಳೆಯ ಮುಂಚೆ ಅವರು ಹಿಂದಿರುಗುವುದು, ಇದು ಹಲವು ತಲೆಮಾರುಗಳಿಂದ ನಡೆದುಬಂದ ರೂಢಿ. ಇದರಲ್ಲಿ ಕೂಲಿ ಉಂಟು. ಜೊತೆಗೆ ಮುಂಗಡದ ಋಣವೂ ಉಂಟು.

ಮೂರನೆಯದು ಜಾತ್ರೆ. ಈ ಪ್ರಬಂಧದ ವಿಷಯಕ್ಕೆ ಇದೇ ಅತ್ಯಂತ ಸಮೀಪವಾದುದು. ಮಾರ್ಕೋನಹಳ್ಳಿಯಿಂದ ಬಹಳ ದೂರವಿಲ್ಲದ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿದೆ. ಅವರು ತಪಸ್ಸು ಮಾಡಿದ ಸ್ಥಳವೆಂದು ಪ್ರಸಿದ್ಧವಾದ ಕಗ್ಗೆರೆಯೂ ಇದೇ ತಾಲ್ಲೂಕಿನಲ್ಲಿದೆ. ಎಡೆಯೂರಿನ ರಥೋತ್ಸವವು ಚೈತ್ರಮಾಸದಲ್ಲಿ ಜರುಗುತ್ತದೆ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಸಮಯಕ್ಕೆ ದನಗಳ ದೊಡ್ಡ ಜಾತ್ರೆ ಸೇರುತ್ತದೆ. ಗುಬ್ಬಿಯಲ್ಲಿ ಚನ್ನಬಸವೇಶ್ವರನ ಜಾತ್ರೆ. ಇವೆಲ್ಲವೂ ಹೊಲದ ಕೆಲಸ ನಿಂತ ತಿಂಗಳುಗಳಲ್ಲಿಯೇ ಬರುವುದನ್ನು ನೋಡಿದರೆ, ನಮ್ಮ ಪೂರ್ವಿಕರ ಪಂಚಾಂಗದಲ್ಲಿ ಭಕ್ತಿಯ ಜೊತೆಗೆ ಜೀವನೋಪಾಯದ ಲೆಕ್ಕವೂ ಸೇರಿತ್ತೆಂದು ತೋರುತ್ತದೆ. ನೇಗಿಲಿನ ಎತ್ತು ಆ ದಿನಗಳಲ್ಲಿ ಬಾಡಿಗೆ ಗಾಡಿಯ ಎತ್ತಾಗುತ್ತಿತ್ತು; ಕಳೆ ಕೀಳುತ್ತಿದ್ದ ಕೈ ಹೂ ಕಟ್ಟುತ್ತಿತ್ತು. ಕಡಲೆಪುರಿ, ಬತ್ತಾಸು, ಬಳೆ, ಹಗ್ಗ, ಮಣ್ಣಿನ ಮಡಕೆ, ಮಕ್ಕಳ ಆಟದ ಸಾಮಾನುಗಳ ಅಂಗಡಿಗಳು ಜಾತ್ರೆಯಿಂದ ಜಾತ್ರೆಗೆ ಸಾಗುತ್ತಿದ್ದವು. ಅಜ್ಜನು ಅಂಗಡಿಯಿಟ್ಟ ತಾವಿನಲ್ಲಿಯೇ ಮೊಮ್ಮಗನೂ ಇಡುವುದು ವಾಡಿಕೆ. ಆ ತಾವಿಗೆ ಕಾಗದಪತ್ರವಿರಲಿಲ್ಲ. ಆದರೆ ನೆರೆಯ ಅಂಗಡಿಯವನ ಸಾಕ್ಷಿಯಿತ್ತು.

ಒಂದು ಹಂಗಾಮು ಸಾಲದೆ ಹೋದಾಗ ಹಲವು ಹಂಗಾಮುಗಳನ್ನು ಕೂಡಿಸಿ ಒಂದು ವರ್ಷವನ್ನು ಮಾಡಿಕೊಳ್ಳುವ ಜಾಣ್ಮೆಗೆ ಈ ಜಿಲ್ಲೆಯೇ ಒಂದು ದೊಡ್ಡ ನಿದರ್ಶನವನ್ನು ಕೊಟ್ಟಿದೆ. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಮಂಡಲಿಯು ಊರಿಂದೂರಿಗೆ ಬಿಡಾರವನ್ನು ಸಾಗಿಸುತ್ತ, ಮುಂದೆ ಗುಬ್ಬಿ ವೀರಣ್ಣನವರ ಯಾಜಮಾನ್ಯದಲ್ಲಿ ಕನ್ನಡ ನಾಡಿನಾದ್ಯಂತ ಹೆಸರಾಯಿತು. ನೋಡುವವರು ಒಂದೇ ಊರಿನಲ್ಲಿ ವರ್ಷವಿಡೀ ದೊರೆಯಲಾರರು. ಆದಕಾರಣ ನೋಡುವವರಿದ್ದಲ್ಲಿಗೆ ಮಂಡಲಿಯೇ ಹೋಯಿತು. ನಟನ ಅನ್ನವು ಒಂದು ಊರಿನ ಮಳೆಬೆಳೆಗೆ ಕಟ್ಟುಬೀಳದಂತೆ ಮಾಡಿದ್ದು ಈ ಸಂಚಾರವೇ. ಆದರೆ ಸಾಗಿಸಬಲ್ಲ ಬಿಡಾರವಿರುವವನಿಗೆ ಮಾತ್ರ ಈ ಉಪಾಯ ಸಲ್ಲುತ್ತದೆ. ಜಲಾಶಯದ ಪಕ್ಕದ ಊರಿನವನು ಜಲಾಶಯವನ್ನು ಹೊತ್ತುಕೊಂಡು ಹೋಗಲಾರನು.

ಈ ಮೂರು ಬಗೆಗಳೂ ಮಳೆಯ ಮೇಲೆ ನಿಂತಿದ್ದವು ಎಂಬುದನ್ನು ಮರೆಯಬಾರದು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಹೊಲವೂ ಹೋಯಿತು, ಆಯವೂ ಹೋಯಿತು, ಜಾತ್ರೆಯೂ ಹೋಯಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಮಳೆಯನ್ನು ಹಿಡಿದಿಡುವ ದೊಡ್ಡ ಜಲಾಶಯಗಳ ಅವಶ್ಯಕತೆಯನ್ನು ಸಂಸ್ಥಾನಕ್ಕೆ ಮನಗಾಣಿಸಿದ ಪಾಠಗಳಲ್ಲಿ ಇದು ಅತ್ಯಂತ ಕಠಿಣವಾದುದು.

೩

ಜಲಾಶಯವನ್ನು ಕಟ್ಟುವುದು ಸ್ವತಃ ಒಂದು ದೊಡ್ಡ ಹಂಗಾಮು. ಮಣ್ಣಗೆಯುವವರು, ಕಲ್ಲುಕುಟಿಗರು, ಗಾರೆಯವರು, ಸುಣ್ಣ ಅರೆಯುವವರು, ಗಾಡಿಯವರು ಎಲ್ಲರೂ ಕೆಲಸದ ಸ್ಥಳಕ್ಕೆ ಬಂದು ಗುಡಿಸಲು ಹೂಡುತ್ತಾರೆ. ಕೆಲಸ ಮುಗಿದ ದಿನ ಗುಡಿಸಲು ಕಿತ್ತು ಮತ್ತೊಂದು ಕೆಲಸದ ಸ್ಥಳವನ್ನು ಹುಡುಕಿಕೊಂಡು ಹೋಗುತ್ತಾರೆ. ಕಟ್ಟೆಯು ನಿಲ್ಲುತ್ತದೆ, ಕಟ್ಟಿದವರು ನಿಲ್ಲುವುದಿಲ್ಲ. ಕಟ್ಟೆಯ ಕೆಳಗೆ ನಾಲೆಯಲ್ಲಿ ನೀರು ಹರಿದ ಮೇಲೆ ನಾಟಿಯೂ ಕೊಯ್ಲೂ ಹೆಚ್ಚಿ, ಕೂಲಿಯ ದಿನಗಳು ಹೆಚ್ಚಿದುವು. ಖುಷ್ಕಿಯನ್ನೇ ನಂಬಿದ್ದ ಸೀಮೆಗೆ ಇದು ನಿಜವಾದ ಉಪಕಾರ.

ಆದರೆ ಮಾರ್ಕೋನಹಳ್ಳಿಯ ರಚನೆಯಲ್ಲಿಯೇ ಒಂದು ವಿಶೇಷವಿದೆ. ಹಳೆಯ ಕೆರೆಗೆ ನೀರಗಂಟಿಯಿದ್ದನು. ಇಲ್ಲಿ ಕೋಡಿಯನ್ನು ಸೈಫನ್ನು ತಾನೇ ನೋಡಿಕೊಳ್ಳುತ್ತದೆ. ನೆರೆಯ ನಡುರಾತ್ರಿಯಲ್ಲಿ ಬಾಗಿಲೆತ್ತಲು ಮನುಷ್ಯನನ್ನು ಕಾಯಬೇಕಾಗಿಲ್ಲವೆಂಬುದು ಇಂಜಿನಿಯರಿಗೆ ದೊಡ್ಡ ನೆಮ್ಮದಿ. ಕಟ್ಟೆಯ ಸುರಕ್ಷತೆಗೆ ಅದು ಹಿತ. ಆದರೆ ಕೋಡಿಯ ಬಳಿ ವರ್ಷವಿಡೀ ನಿಂತಿರಬೇಕಾದ ಮನುಷ್ಯರ ಸಂಖ್ಯೆಯನ್ನು ಅದು ಕಡಮೆ ಮಾಡಿತು ಎಂಬುದೂ ಅಷ್ಟೇ ನಿಜ.

ಕೋಡಿಯನ್ನು ನೋಡಲು ಹೋಗುವುದು ನಮ್ಮ ಸೀಮೆಯ ಪುರಾತನ ಸಂತೋಷಗಳಲ್ಲಿ ಒಂದು. ಕೆರೆ ತುಂಬಿ ಕೋಡಿ ಬಿದ್ದಿತೆಂದರೆ ಊರಿಗೆ ಊರೇ ಏರಿಯ ಮೇಲೆ ಸೇರಿ, ಗಂಗಾಪೂಜೆ ಮಾಡಿ, ಬಾಗಿನ ಬಿಟ್ಟು, ಹಬ್ಬದಡುಗೆ ಉಣ್ಣುತ್ತಿತ್ತು. ಇದು ಊರಿನವರು ಊರಿನ ಕೆರೆಗೆ ಸಲ್ಲಿಸುವ ಮರ್ಯಾದೆ. ಮೋಟಾರು ಬಸ್ಸು ಬಂದು, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಕುಣಿಗಲ್ ಎಡೆಯೂರುಗಳನ್ನು ಹಾದುಹೋಗತೊಡಗಿದ ಮೇಲೆ, ಕೋಡಿ ನೋಡಲು ಬೇರೆ ಊರಿನವರೂ ಬರತೊಡಗಿದರು. ಎಡೆಯೂರಿನ ದರ್ಶನಕ್ಕೆ ಬಂದ ಭಕ್ತನು ಜಲಾಶಯಕ್ಕೂ ಒಂದು ಗಳಿಗೆ ಹೋಗಿಬರುವುದು, ರಜದ ದಿನ ತುಮಕೂರಿನ ಸಂಸಾರವೊಂದು ಬುತ್ತಿ ಕಟ್ಟಿಕೊಂಡು ಬರುವುದು ಈಗ ಸಾಮಾನ್ಯ. ಹೀಗೆ ಕೋಡಿಯ ಹಬ್ಬವು ಪ್ರವಾಸಿಯ ಹಂಗಾಮಾಗಿ ಮಾರ್ಪಟ್ಟಿತು.

ಇದೇ ಸಂಸ್ಥಾನದಲ್ಲಿ, ಸರಿಸುಮಾರು ಅದೇ ಕಾಲದಲ್ಲಿ, ಮತ್ತೊಂದು ಕಟ್ಟೆಯ ಕೆಳಗೆ ಬೇರೊಂದು ಪ್ರಯೋಗ ನಡೆಯಿತು. ಕೃಷ್ಣರಾಜಸಾಗರದ ಕೆಳಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ೧೯೨೭ರಲ್ಲಿ ಬೃಂದಾವನದ ಕೆಲಸವು ಮೊದಲಾಗಿ ೧೯೩೨ರಲ್ಲಿ ಮುಗಿಯಿತು. ಜಲಾಶಯವು ತುಂಬಿರಲಿ ಬಿಡಲಿ, ಅಲ್ಲಿ ಹೂವಿನ ಮಡಿಗಳಿವೆ, ಕಾರಂಜಿಗಳಿವೆ, ಇರುಳಿನ ದೀಪಗಳಿವೆ. ತೋಟವೆಂದ ಮೇಲೆ ವರ್ಷದ ಹನ್ನೆರಡು ತಿಂಗಳೂ ತೋಟಗಾರನು ಬೇಕು. ದೀಪವೆಂದ ಮೇಲೆ ದೀಪ ನೋಡಿಕೊಳ್ಳುವವನು ಬೇಕು. ಅಲ್ಲಿಯೂ ಜನಸಂದಣಿಯು ದಸರೆಯ ಮತ್ತು ಬೇಸಗೆಯ ರಜದ ದಿನಗಳಲ್ಲಿಯೇ ಹೆಚ್ಚು. ಆದರೂ ಸಂದಣಿಯಿಲ್ಲದ ದಿನಗಳಲ್ಲಿ ಕೆಲಸವು ಪೂರ್ತಿಯಾಗಿ ನಿಲ್ಲುವುದಿಲ್ಲ. ಮಾರ್ಕೋನಹಳ್ಳಿಯಲ್ಲಿ ನೋಡತಕ್ಕ ಮುಖ್ಯ ವಸ್ತುವೇ ಹರಿಯುವ ಕೋಡಿ. ಅದು ಹರಿದರೆ ಉಂಟು, ಇಲ್ಲವಾದರೆ ಇಲ್ಲ. ಹಂಗಾಮಿನ ಉದ್ದವನ್ನು ಮಳೆಯೊಂದೇ ಗೊತ್ತುಮಾಡುವುದಿಲ್ಲ. ಮನುಷ್ಯನು ಅಲ್ಲಿ ಏನನ್ನು ಕಟ್ಟಿದನು, ಏನನ್ನು ಕಟ್ಟದೆ ಬಿಟ್ಟನು ಎಂಬುದೂ ಗೊತ್ತುಮಾಡುತ್ತದೆ ಎಂಬುದು ಈ ಎರಡು ಕಟ್ಟೆಗಳ ಹೋಲಿಕೆಯಿಂದ ವಿಶದವಾಗುತ್ತದೆ.

೪

ಕೋಡಿಯ ಹಂಗಾಮನ್ನು ನಂಬಿದವನ ಕಷ್ಟಗಳನ್ನು ಬಿಡಿಸಿ ನೋಡಿದರೆ ನಾಲ್ಕು ಬಗೆಯ ಅನಿಶ್ಚಯಗಳು ಕಾಣುತ್ತವೆ.

ಮೊದಲನೆಯದು ಮಳೆ. ೨೦೨೨ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಕೆರೆಗಳು ಕೋಡಿ ಬಿದ್ದು, ಮಾರ್ಕೋನಹಳ್ಳಿಯೂ ತುಂಬಿ ಹರಿಯಿತು. ಮರುವರ್ಷ ೨೦೨೩ರಲ್ಲಿ ಕರ್ಣಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಸಾರಿತು. ಒಂದು ವರ್ಷದ ಗಳಿಕೆಯನ್ನು ನಂಬಿ ಸಾಲ ತಂದು ಅಂಗಡಿ ಹೂಡಿದವನು ಮರುವರ್ಷ ಬಡ್ಡಿಯನ್ನು ಎಲ್ಲಿಂದ ತರಬೇಕು? ಹೇಮಾವತಿಯ ನಾಲೆಯು ತುಮಕೂರು ಸೀಮೆಗೆ ಬಂದ ಮೇಲೆ ಇಲ್ಲಿಯ ಕೆರೆಗಳಿಗೆ ದೂರದ ನೀರಿನ ಆಸರೆಯುಂಟಾಯಿತು, ನಿಜ. ಆದರೆ ಆ ನೀರಿಗೆ ಕಾದಿರುವ ಬಾಯಿಗಳು ಹಲವು.

ಎರಡನೆಯದು ಕಾಲದ ಘರ್ಷಣೆ. ಇದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಾತ್ರೆಯು ಹೊಲದ ಬಿಡುವಿನಲ್ಲಿ ಬರುತ್ತಿತ್ತು. ಕೋಡಿಯು ಹೊಲದ ದುಡಿಮೆಯ ನಡುವೆ ಬರುತ್ತದೆ. ಈ ಸೀಮೆಯಲ್ಲಿ ಬಲವಾದ ಮಳೆ ಬೀಳುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ಜಲಾಶಯ ತುಂಬುವುದೂ ಸಾಮಾನ್ಯವಾಗಿ ಆಗಲೇ. ರಾಗಿಯು ತೆನೆ ಕಟ್ಟಿ ಕೊಯ್ಲಿಗೆ ಬರುವುದೂ ಅದರ ಬೆನ್ನಿಗೇ. ಹಳೆಯ ಹಂಗಾಮು ವರ್ಷದ ತೂತನ್ನು ಮುಚ್ಚುತ್ತಿತ್ತು. ಹೊಸ ಹಂಗಾಮು ತುಂಬಿದ ಕಡೆಯೇ ಮತ್ತೆ ತುಂಬುತ್ತದೆ. ಹೊಲದ ಕೂಲಿಯನ್ನು ಬಿಟ್ಟು ಕೋಡಿಯ ಬಳಿ ಜೋಳ ಸುಡಲು ಕುಳಿತವನು ಎರಡರಲ್ಲಿ ಒಂದನ್ನು ಕಳೆದುಕೊಂಡೇ ಇನ್ನೊಂದನ್ನು ಪಡೆಯಬೇಕು. ಬೇಸಗೆಯ ಬಿಡುವಿನಲ್ಲಿ ಅವನಿಗೆ ಎರಡೂ ಇಲ್ಲ.

ಮೂರನೆಯದು ದಿನದ ಅನಿಶ್ಚಯ. ಕೋಡಿ ಹರಿಯುವ ವಾರಗಳಲ್ಲಿಯೂ ಜನ ಸೇರುವುದು ಭಾನುವಾರ ಮತ್ತು ಹಬ್ಬದ ರಜಗಳಲ್ಲಿ. ಮಿಕ್ಕ ದಿನಗಳಲ್ಲಿ ಅಂಗಡಿಯವನೊಬ್ಬನೇ ಸಾಕು, ಕೈಯಾಳು ಬೇಡ. ಆದಕಾರಣ ಇಂತಹ ಸ್ಥಳಗಳಲ್ಲಿ ಕೈಯಾಳಿಗೆ ತಿಂಗಳ ಸಂಬಳದ ಮಾತೇ ಹುಟ್ಟುವುದಿಲ್ಲ. ಪಾತ್ರೆ ತೊಳೆಯುವ ಹೆಂಗಸು, ನೀರು ತರುವ ಹುಡುಗ, ಮೀನು ಹೆಚ್ಚುವವನು ಇವರೆಲ್ಲ ಬೆಳಗ್ಗೆ ಬಂದು ಕಾದು, ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಗಾಳಿ ಬಂದಾಗ ತೂರಿಕೋ ಎಂಬುದು ನಾಡಗಾದೆ. ಕಣದ ಯಜಮಾನನಿಗೆ ಅದು ಬುದ್ಧಿಮಾತು. ಮೊರ ಹಿಡಿಯಲು ಬಂದ ಆಳಿಗೆ ಅದರಿಂದ ಸಮಾಧಾನವಿಲ್ಲ.

ನಾಲ್ಕನೆಯದು ನಿಷೇಧ. ೨೦೨೦ರ ಮಾರ್ಚ್ ತಿಂಗಳ ಕೊನೆಯಲ್ಲಿ ಮಹಾಮಾರಿಯ ಕಾರಣ ದೇಶದ ಬಾಗಿಲನ್ನೇ ಮುಚ್ಚಿದಾಗ ಚೈತ್ರ ವೈಶಾಖಗಳ ಜಾತ್ರೆಗಳೂ ನಿಂತುಹೋದುವು. ೨೦೨೫ನೆಯ ಅಕ್ಟೋಬರಿನಲ್ಲಿ ಮಾರ್ಕೋನಹಳ್ಳಿಯಲ್ಲಿಯೇ, ಕಟ್ಟೆಯ ಕೆಳಗೆ ನೀರಿನಲ್ಲಿ ಇಳಿದಿದ್ದ ಪ್ರವಾಸಿಗಳು ಸೈಫನ್ನಿನಿಂದ ಏಕಾಏಕಿ ನುಗ್ಗಿದ ಪ್ರವಾಹದಲ್ಲಿ ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ತಾನಾಗಿ ಹೊರಡುವ ನೀರು ಎಷ್ಟು ಮನೋಹರವೋ ಅಷ್ಟೇ ಭಯಂಕರ. ಇಂತಹ ಸ್ಥಳದಲ್ಲಿ ಜನರನ್ನು ದೂರವಿಡುವುದು ಆಡಳಿತದ ಮೊದಲನೆಯ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಜೀವಕ್ಕಿಂತ ವ್ಯಾಪಾರ ದೊಡ್ಡದಲ್ಲ. ಆದರೆ ಬೇಲಿ ಹಾಕಿದ ದಿನ ಬೇಲಿಯ ಹೊರಗೆ ಉಳಿಯುವವರು ಪ್ರವಾಸಿಗಳಷ್ಟೇ ಅಲ್ಲ. ಅವರಿಗೆ ಎಚ್ಚರಿಕೆ ಹೇಳಲು, ದಡವನ್ನು ಕಾಯಲು, ಈ ನೀರಿನ ಗುಣವನ್ನು ಬಲ್ಲ ಸ್ಥಳೀಯರನ್ನು ಸಂಬಳ ಕೊಟ್ಟು ನೇಮಿಸಿದರೆ, ಸೈಫನ್ನು ತೆಗೆದುಕೊಂಡ ನೀರಗಂಟಿಯ ಸ್ಥಾನವು ಇನ್ನೊಂದು ರೂಪದಲ್ಲಿ ಊರಿಗೆ ಹಿಂದಿರುಗಿದಂತಾಗುತ್ತದೆ. ಜೀವರಕ್ಷಣೆಗೂ ಜೀವನರಕ್ಷಣೆಗೂ ವಿರೋಧವಿರಬೇಕಾಗಿಲ್ಲ.

ಈ ಅವಸ್ಥೆಯು ಮಾರ್ಕೋನಹಳ್ಳಿಯೊಂದರದೇ ಅಲ್ಲ. ಲಿಂಗನಮಕ್ಕಿಯ ಕಟ್ಟೆಯು ೧೯೬೪ರಲ್ಲಿ ಮುಗಿದ ಮೇಲೆ ಜೋಗದ ಪೂರ್ಣ ವೈಭವವು ಮಳೆಗಾಲದ ವಾರಗಳಿಗೆ ಸೀಮಿತವಾಯಿತು. ಅಲ್ಲಿ ಅಂಗಡಿಯಿಟ್ಟವರ ವರ್ಷವೂ ಅದರೊಡನೆ ಕುಗ್ಗಿತು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಪ್ರವಾಸಿಗಳು ಬರದಂತೆ ತಡೆಯಬೇಕಾಯಿತು. ಅತಿಥಿಗೃಹಗಳ ಅಡುಗೆಯವರೂ ಚಾಲಕರೂ ಕೆಲಸ ಕಳೆದುಕೊಂಡರು. ೨೦೨೦ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ತರುವಾಯ ಹಂಪೆಯ ಎದುರುದಡದ ವಿರೂಪಾಪುರಗಡ್ಡೆಯಲ್ಲಿದ್ದ ವಸತಿಗೃಹಗಳನ್ನು ಕೆಡವಲಾಯಿತು. ಸ್ಮಾರಕಗಳ ರಕ್ಷಣೆಗೆ ಅದು ಅಗತ್ಯವೇ ಇದ್ದಿರಬಹುದು. ಆದರೆ ಕಟ್ಟಡದ ಒಡೆಯನಿಗೆ ನ್ಯಾಯಾಲಯದವರೆಗೆ ಹೋಗುವ ದಾರಿಯಿತ್ತು. ಅಲ್ಲಿ ಹಾಸಿಗೆ ಹಾಸುತ್ತಿದ್ದವನ ಹೆಸರು ಯಾವ ಕಾಗದದಲ್ಲಿಯೂ ಇರಲಿಲ್ಲ.

೫

ಹಂಗಾಮಿನ ದುಡಿಮೆಗಾರನ ವಿಷಯದಲ್ಲಿ ಶಾಸನವು ಏನು ಹೇಳಿತು? ೧೯೪೭ರ ಕೈಗಾರಿಕಾ ವಿವಾದಗಳ ಶಾಸನಕ್ಕೆ ೧೯೫೩ರಲ್ಲಿ ಸೇರಿಸಿದ ಅಧ್ಯಾಯದಲ್ಲಿ, ವರ್ಷಕ್ಕೆ ೨೪೦ ದಿನ ಕೆಲಸ ಮಾಡಿದವನನ್ನು ಒಂದು ವರ್ಷ ಎಡೆಬಿಡದೆ ದುಡಿದವನೆಂದು ಭಾವಿಸಲಾಯಿತು. ಆದರೆ ಕೆಲಸವಿಲ್ಲದೆ ಕೂರಿಸಿದಾಗ ಕೊಡತಕ್ಕ ಪರಿಹಾರದ ವಿಧಿಗಳು ಹಂಗಾಮಿನ ಸಂಸ್ಥೆಗಳಿಗೂ, ಐವತ್ತಕ್ಕಿಂತ ಕಡಮೆ ಕೆಲಸಗಾರರಿರುವ ಸಂಸ್ಥೆಗಳಿಗೂ ಸಲ್ಲವೆಂದು ಅದೇ ಅಧ್ಯಾಯವು ಹೇಳಿತು. ಅಂದರೆ ಯಾರಿಗೆ ಕೆಲಸವು ತಪ್ಪದೆ ನಿಲ್ಲುವುದೋ ಅವರನ್ನೇ ಆ ರಕ್ಷಣೆಯಿಂದ ಹೊರಗಿಟ್ಟಿತು. ಕೋಡಿಯು ಎಷ್ಟು ಚೆನ್ನಾಗಿ ಹರಿದರೂ ೨೪೦ ದಿನ ಹರಿಯುವುದಿಲ್ಲ.

೧೯೭೨ರ ಉಪದಾನ ಶಾಸನವು ಇದಕ್ಕಿಂತ ಸ್ವಲ್ಪ ಉದಾರವಾಗಿತ್ತು. ವರ್ಷವಿಡೀ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನಗಳ ಕೂಲಿಯಂತೆ ಉಪದಾನ. ಹಂಗಾಮಿನ ಸಂಸ್ಥೆಯಲ್ಲಿ ದುಡಿದವನಿಗೆ ಹಂಗಾಮಿಗೆ ಏಳು ದಿನಗಳ ಕೂಲಿಯಂತೆ. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಅಳತೆಯನ್ನೇ ಉಳಿಸಿಕೊಂಡಿತು. ಮೊತ್ತವು ಅಲ್ಪವಾದರೂ ಇದರಲ್ಲಿ ಒಂದು ದೊಡ್ಡ ತತ್ತ್ವವಿದೆ: ದಿನವನ್ನಲ್ಲದೆ ಹಂಗಾಮನ್ನೇ ಒಂದು ಪೂರ್ಣ ಮಾನವಾಗಿ ಶಾಸನವು ಎಣಿಸಿತು. ನೀರಗಂಟಿಯ ಆಯದ ಹಿಂದಿದ್ದ ವಿವೇಕವು ಇದೇ. ಆದರೆ ಹತ್ತು ಮಂದಿಗಿಂತ ಕಡಮೆ ಆಳುಗಳಿರುವ ಅಂಗಡಿಗೆ ಅದು ಸಾಮಾನ್ಯವಾಗಿ ತಲುಪುವುದಿಲ್ಲ. ಕೋಡಿಯ ಬಳಿಯ ಅಂಗಡಿಯಲ್ಲಿ ಹತ್ತು ಮಂದಿ ಎಲ್ಲಿಂದ ಬಂದಾರು?

ಸರ್ಕಾರದ ದಿನಗೂಲಿಯವರ ಕಥೆಯೂ ಕರ್ಣಾಟಕದಿಂದಲೇ ಹೊರಟು ದೇಶಕ್ಕೆಲ್ಲ ಪ್ರಮಾಣವಾಯಿತು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರು ಹೂಡಿದ ಮೊಕದ್ದಮೆಯಲ್ಲಿ ೧೯೯೦ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಕ್ರಮವಾಗಿ ಖಾಯಂ ಮಾಡುವ ಏರ್ಪಾಡಿಗೆ ಸಮ್ಮತಿಯಿತ್ತಿತು. ಹದಿನಾರು ವರ್ಷಗಳ ತರುವಾಯ, ೨೦೦೬ನೆಯ ಏಪ್ರಿಲ್ ೧೦ರಂದು, ಕರ್ಣಾಟಕ ಸರ್ಕಾರಕ್ಕೂ ಉಮಾದೇವಿ ಮತ್ತಿತರರಿಗೂ ನಡೆದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು, ಕ್ರಮಬದ್ಧವಾದ ಆಯ್ಕೆಯಿಲ್ಲದೆ ತಾತ್ಕಾಲಿಕವಾಗಿ ನೇಮಕವಾದವರಿಗೆ ದೀರ್ಘಕಾಲದ ದುಡಿಮೆಯಿಂದಲೇ ಖಾಯಂ ಹುದ್ದೆಯ ಹಕ್ಕು ಬರುವುದಿಲ್ಲವೆಂದು ತೀರ್ಪಿತ್ತಿತು. ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲದ ಕ್ರಮವಾಗಿ ಪರಿಗಣಿಸಬಹುದೆಂದು ಮಾತ್ರ ಅವಕಾಶವಿಟ್ಟಿತು. ಹಿಂಬಾಗಿಲಿನ ನೇಮಕವನ್ನು ತಡೆಯುವುದು ತೀರ್ಪಿನ ಉದ್ದೇಶ, ಅದು ಸಾಧುವಾದುದೇ. ಆದರೆ ಹುದ್ದೆಯನ್ನು ಮಂಜೂರು ಮಾಡದೆ ಆಳನ್ನು ಮಾತ್ರ ವರ್ಷ ವರ್ಷವೂ ದುಡಿಸಿಕೊಳ್ಳುವ ರೂಢಿಯು ಅದರಿಂದ ನಿಲ್ಲಲಿಲ್ಲ.

ಬೀದಿಯ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು ೨೦೧೪ರಲ್ಲಿ ಬಂದ ಶಾಸನವು ಗಣತಿ, ಗುರುತಿನ ಚೀಟಿ, ವ್ಯಾಪಾರದ ಸಮಿತಿ ಇವುಗಳನ್ನು ಏರ್ಪಡಿಸಿತು. ಆದರೆ ಅದು ಪಟ್ಟಣಗಳಿಗಾಗಿ ರಚಿತವಾದುದು. ತುಮಕೂರಿನ ಪೇಟೆಯಲ್ಲಿ ಬುಟ್ಟಿಯಿಟ್ಟವಳಿಗೆ ಚೀಟಿ ದೊರೆಯಬಹುದು; ಹಳ್ಳಿಯ ಎಲ್ಲೆಯೊಳಗಿರುವ ಜಲಾಶಯದ ದಾರಿಯಲ್ಲಿ ಅದೇ ಬುಟ್ಟಿಯಿಟ್ಟವಳಿಗೆ ಆ ಶಾಸನದ ನೆರಳಿಲ್ಲ.

೬

ಹಂಗಾಮಿನ ಕೆಲಸವನ್ನು ಹಂಗಾಮಿನದೆಂಬ ಕಾರಣಕ್ಕೆ ಹಕ್ಕಿಲ್ಲದ ಕೆಲಸವೆಂದು ಎಣಿಸಬೇಕಾಗಿಲ್ಲವೆಂಬುದಕ್ಕೆ ಹೊರದ ದೇಶಗಳ ಅನುಭವವೂ ಸಾಕ್ಷಿ. ಸಮುದ್ರತೀರದ ಪ್ರವಾಸಿಗಳನ್ನೇ ಬಹುಮಟ್ಟಿಗೆ ನಂಬಿದ ದ್ವೀಪಗಳಿರುವ ಸ್ಪೇನ್ ದೇಶದ ಶಾಸನದಲ್ಲಿ, ಬಿಟ್ಟುಬಿಟ್ಟು ನಡೆದರೂ ಖಾಯಂ ಆದ ಕೆಲಸವೆಂಬ ಒಂದು ಬಗೆಯುಂಟು. ಹಂಗಾಮು ಮುಗಿದಾಗ ಕೆಲಸ ನಿಲ್ಲುತ್ತದೆ, ಸಂಬಂಧ ನಿಲ್ಲುವುದಿಲ್ಲ. ಮುಂದಿನ ಹಂಗಾಮಿಗೆ ಅದೇ ಕೆಲಸಗಾರನನ್ನು ಗೊತ್ತಾದ ಕ್ರಮದಲ್ಲಿ ಮರಳಿ ಕರೆಯುವುದು ಒಡೆಯನ ಹೊಣೆ. ೨೦೨೧ರ ಸುಧಾರಣೆಯಲ್ಲಿ ಈ ಬಗೆಯನ್ನು ಮತ್ತಷ್ಟು ಬಲಪಡಿಸಲಾಯಿತು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಪಟ್ಟಣದವರು ಇನ್ನೊಂದು ದಾರಿ ಹಿಡಿದರು. ಬೇಸಗೆ ಕಳೆದೊಡನೆ ಬರಿದಾಗುತ್ತಿದ್ದ ತಮ್ಮ ಕಡಲತೀರವನ್ನು ಸಾಲುದೀಪಗಳಿಂದ ಬೆಳಗಿಸಿ, ಹಂಗಾಮನ್ನೇ ಶರತ್ಕಾಲದೊಳಕ್ಕೆ ಉದ್ದ ಮಾಡಿಕೊಂಡರು. ಒಂದು ದಾರಿ ಹಕ್ಕನ್ನು ಹಂಗಾಮಿನಾಚೆಗೆ ಚಾಚಿತು. ಮತ್ತೊಂದು ಹಂಗಾಮನ್ನೇ ಚಾಚಿತು. ನೀರಗಂಟಿಯ ಆಯವೂ ಬೃಂದಾವನದ ದೀಪಗಳೂ ಇವೇ ಎರಡು ದಾರಿಗಳು ನಮ್ಮ ನಾಡಿಗೂ ಗೊತ್ತಿದ್ದುವೆಂಬುದನ್ನು ತೋರಿಸುತ್ತವೆ.

ಮಾರ್ಕೋನಹಳ್ಳಿಗೆ ಈ ಎರಡೂ ಸಲ್ಲಬಲ್ಲುವು. ಎಡೆಯೂರಿನ ಜಾತ್ರೆ ಚೈತ್ರದಲ್ಲಿ, ಕೋಡಿ ಭಾದ್ರಪದ ಆಶ್ವಯುಜಗಳಲ್ಲಿ; ಕಗ್ಗೆರೆ, ಹುತ್ರಿದುರ್ಗ, ಹುಲಿಯೂರುದುರ್ಗ, ಕುಣಿಗಲ್ಲಿನ ದೊಡ್ಡಕೆರೆ, ಕಡಬದ ಕೆರೆ ಎಲ್ಲವೂ ಒಂದೆರಡು ದಿನಗಳ ಪ್ರವಾಸದ ಅಳತೆಯಲ್ಲಿವೆ. ಇವುಗಳನ್ನು ಒಂದರ ಹಿಂದೊಂದು ಹೊಂದಿಸಿ ಒಂದು ಸುತ್ತಾಗಿ ಏರ್ಪಡಿಸಿದರೆ, ಒಂದೇ ಕೋಡಿಯನ್ನು ನಂಬಿ ಕೂರುವ ದುರವಸ್ಥೆಯು ತಪ್ಪೀತು. ಗ್ರಾಮ ಪಂಚಾಯತಿಯು ಪ್ರತಿವರ್ಷ ಬಂದು ದುಡಿಯುವವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮರುವರ್ಷದ ತಾವನ್ನು ಅವರಿಗೇ ಮೊದಲು ಕೊಡುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಹಿಂದೆ ಜಾತ್ರೆಯಲ್ಲಿ ನೆರೆಯ ಅಂಗಡಿಯವನ ಸಾಕ್ಷಿಯು ಮಾಡುತ್ತಿದ್ದ ಕೆಲಸವನ್ನು ಈಗ ಪುಸ್ತಕವು ಮಾಡಬೇಕಾಗಿದೆ, ಅಷ್ಟೆ. ಬರ ಬಂದಾಗ, ಬೇಲಿ ಬಿದ್ದಾಗ, ಪರಿಹಾರವನ್ನು ಕೊಡಬೇಕೆಂಬ ಮನಸ್ಸು ಸರ್ಕಾರಕ್ಕೆ ಬಂದರೂ ಯಾರಿಗೆ ಕೊಡಬೇಕೆಂಬುದಕ್ಕೆ ಹೆಸರು ಬೇಕು. ಹೆಸರಿಲ್ಲದವನಿಗೆ ಕೆಲಸ ಹೋಯಿತೆಂಬುದಕ್ಕೂ ಪ್ರಮಾಣವಿರುವುದಿಲ್ಲ.

ಶಿಂಷೆಯ ನೀರನ್ನು ಮನುಷ್ಯರು ಕಟ್ಟಿ ನಿಲ್ಲಿಸಿದ್ದು ಮಳೆಗಾಲದ ನೀರು ಬೇಸಗೆಗೂ ಒದಗಲೆಂದು. ಹರಿದುಹೋಗುವುದನ್ನು ಹಿಡಿದಿಟ್ಟು, ಇಲ್ಲದ ಕಾಲಕ್ಕೆ ಹಂಚುವುದೇ ಜಲಾಶಯದ ಧರ್ಮ. ಆ ಜಲಾಶಯದ ಬಳಿಯಲ್ಲಿಯೇ ಜೀವಿಸುವವರ ದುಡಿಮೆಗೂ ಅದೇ ಧರ್ಮವು ಅನ್ವಯಿಸಬೇಕು. ಹಂಗಾಮಿನಲ್ಲಿ ಬಂದ ಗಳಿಕೆಯ ಒಂದು ಪಾಲು ಹಂಗಾಮಿಲ್ಲದ ತಿಂಗಳುಗಳಿಗೂ ನಿಲ್ಲುವಂತೆ ಒಂದು ಕಟ್ಟೆಯನ್ನು ಶಾಸನದಿಂದಲೂ ಪಂಚಾಯತಿಯ ಏರ್ಪಾಡಿನಿಂದಲೂ ಕಟ್ಟುವವರೆಗೆ, ಮಾರ್ಕೋನಹಳ್ಳಿಯ ಕೆಲಸವು ಅರ್ಧ ಮಾತ್ರ ಮುಗಿದಿದೆಯೆಂದು ಹೇಳಬೇಕಾಗುತ್ತದೆ.